ಸೌಪ್ತಿಕಪರ್ವದಲ್ಲಿ ಕ್ರೌರ್ಯದ ಉತ್ಪತ್ತಿಕ್ರಮ

ವ್ಯಾಸಭಾರತದ ಸೌಪ್ತಿಕಪರ್ವದಲ್ಲಿ ಬರುವ ನಿಶಾವಧೆಯನ್ನು ರುದ್ರಾವೇಶದ ಕಾರ್ಯವೆಂದು ಬಗೆದು ಅಶ್ವತ್ಥಾಮನನ್ನು ನಿಮಿತ್ತಮಾತ್ರನೆನ್ನುವವರುಂಟು. ಪರ್ವಾಂತ್ಯದಲ್ಲಿ ಕೃಷ್ಣನು ಯುಧಿಷ್ಠಿರನಿಗೆ ಹೇಳುವ ಸಮಾಧಾನವು ಅವರಿಗೆ ಆಧಾರ. ಆದರೆ ಅಧ್ಯಾಯಗಳ ಅನುಕ್ರಮವು ಈ ಪಕ್ಷಕ್ಕೆ ಅನುಕೂಲವಾಗಿಲ್ಲ. ಮಹಾದೇವನು ಖಡ್ಗವನ್ನಿತ್ತು ಅವನ ದೇಹವನ್ನು ಪ್ರವೇಶಿಸುವುದು ೭ನೆಯ ಅಧ್ಯಾಯದಲ್ಲಿ. ಮಲಗಿದವರನ್ನು ಕೊಲ್ಲುವ ನಿಶ್ಚಯವಾದರೋ ೧ನೆಯದರಲ್ಲಿಯೇ ಆಗಿಹೋಗಿದೆ.

ಆ ನಿಶ್ಚಯಕ್ಕೆ ಕವಿಯು ಕಲ್ಪಿಸಿದ ಸನ್ನಿವೇಶವು ಪರಿಶೀಲನಾರ್ಹವಾಗಿದೆ. ಕೌರವರ ೧೧ ಅಕ್ಷೌಹಿಣಿಗಳಲ್ಲಿ ಕಾದಬಲ್ಲವರಾಗಿ ಉಳಿದವರು ಮೂವರು. ತೊಡೆ ಮುರಿದು ಬಿದ್ದ ದೊರೆಯು ಅಶ್ವತ್ಥಾಮನಿಗೆ ಸೇನಾಪತ್ಯದ ಅಭಿಷೇಕವನ್ನು ಮಾಡಿಸಿದ್ದಾನೆ, ಸೇನೆಯೇ ಇಲ್ಲ. ಶಸ್ತ್ರವನ್ನು ಕೆಳಗಿಟ್ಟಿದ್ದ ತಂದೆಯನ್ನು ಧೃಷ್ಟದ್ಯುಮ್ನನು ಕೊಂದ ದುಃಖವು ಆರಿಲ್ಲ. ಆಲದ ಮರದಡಿಯಲ್ಲಿ ಕೃಪ ಕೃತವರ್ಮರು ನಿದ್ರಿಸುತ್ತಾರೆ. ಇವನಿಗೆ ನಿದ್ರೆ ಬಾರದು. ಎಚ್ಚತ್ತ ಆ ಕಣ್ಣಿಗೆ, ಗೂಗೆಯೊಂದು ಮಲಗಿದ ಕಾಗೆಗಳನ್ನು ಕೊಲ್ಲುವ ನೋಟ ಬೀಳುತ್ತದೆ. ಅದನ್ನೇ ಉಪದೇಶವೆಂದು ಸ್ವೀಕರಿಸುತ್ತಾನೆ. ದ್ರೋಣಾಚಾರ್ಯರ ಮಗನಿಗೆ ಗೂಗೆಯು ಗುರುವಾಯಿತು!

ಕ್ರೋಧವು ವಿವೇಕವನ್ನು ಮುಚ್ಚಿತೆಂದೂ ಹೇಳುವಂತಿಲ್ಲ. ಪಾಂಡವರೇ ಮೊದಲು ಧರ್ಮಸೇತುವನ್ನು ಒಡೆದರೆಂದು ಅವನು ಕೃಪನೊಡನೆ ವಾದಿಸುತ್ತಾನೆ. ಪಿತೃಹಂತಕರನ್ನು ನಿದ್ರೆಯಲ್ಲಿ ಕೊಂದು ಹುಳುವಾಗಿಯೋ ಪತಂಗವಾಗಿಯೋ ಹುಟ್ಟಬೇಕಾದರೂ ಆಗಲಿ ಎನ್ನುತ್ತಾನೆ. ಪಾಪವೆಂದು ಬಲ್ಲವನ ಮಾತಿದು. ಶಸ್ತ್ರದಿಂದಲಾದರೂ ಕೊಲ್ಲೆಂದು ಬೇಡಿದ ಧೃಷ್ಟದ್ಯುಮ್ನನಿಗೆ ಅದನ್ನೂ ನಿರಾಕರಿಸಿ ಕಾಲಿನಿಂದ ತುಳಿದು ಕೊಲ್ಲುವಲ್ಲಿ, ವೀರಲೋಕವನ್ನು ತಪ್ಪಿಸಬೇಕೆಂಬ ಲೆಕ್ಕಾಚಾರವಿದೆ. ಕ್ರೋಧವು ಸ್ಥಾಯಿಯಾದುದರಿಂದ ರೌದ್ರವೆಂದು ಹೆಸರಿಟ್ಟು ಈ ಪ್ರಕರಣವನ್ನು ಮುಗಿಸುವ ವಿಮರ್ಶೆಯು ಅಪೂರ್ಣವಾದುದು.

ಇದಕ್ಕಿಂತ ಕಠಿನವಾದ ಪ್ರಶ್ನೆ ಕೃಪನದು. ಅವನಿಗೂ ಅದೇ ಸೋಲು, ಅದೇ ರಾತ್ರಿ. ಹತನಾದ ದ್ರೋಣನು ತಂಗಿಯ ಗಂಡ. ಆದರೂ ಅವನು ಧೃತರಾಷ್ಟ್ರ, ಗಾಂಧಾರಿ, ವಿದುರರನ್ನು ಕೇಳೋಣವೆನ್ನುತ್ತಾನೆ, ಬೆಳಗಾದ ಮೇಲೆ ಕಾದೋಣವೆನ್ನುತ್ತಾನೆ. ಆಪತ್ತಿನಲ್ಲಿ ಬುದ್ಧಿಯು ಕೆಡಲೇಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ಆದರೆ ಇಷ್ಟನ್ನು ಹೇಳಿದವನೇ ರಥವನ್ನೇರಿ ಹಿಂಬಾಲಿಸುತ್ತಾನೆ. ೮ನೆಯ ಅಧ್ಯಾಯದಲ್ಲಿ ಪಾಳೆಯದ ಬಾಗಿಲಲ್ಲಿ ಕೃತವರ್ಮನೊಡನೆ ನಿಂತು, ಆಯುಧವಿಲ್ಲದೆ ತಲೆಗೆದರಿ ಕೈಮುಗಿದು ಓಡಿಬರುವವರನ್ನು ಕೊಲ್ಲುತ್ತಾನೆ. ಇಬ್ಬರೂ ಕೂಡಿ ಮೂರು ಕಡೆ ಬೆಂಕಿಯನ್ನಿಡುತ್ತಾರೆ. ಇವರಿಗೆ ಯಾವ ರುದ್ರಾವೇಶವೂ ಇಲ್ಲ. ಕವಿಯು ಕೊಡುವ ಕಾರಣ ಒಂದೇ: ದ್ರೋಣಪುತ್ರನಿಗೆ ಇನ್ನಷ್ಟು ಪ್ರಿಯವನ್ನು ಮಾಡಬೇಕೆಂಬ ಇಚ್ಛೆ. ಅಶ್ವತ್ಥಾಮನಿಗೆ ತರ್ಕವಾದರೂ ಬೇಕಾಯಿತು. ಇವರಿಗೆ ಜೊತೆಗಾರನ ಮುಖವೇ ಸಾಕಾಯಿತು.

ಶಾಪವು ಅಶ್ವತ್ಥಾಮನೊಬ್ಬನಿಗೇ ತಗಲಿತು. ಗರ್ಭದಲ್ಲಿದ್ದಾಗ ಅವನ ಅಸ್ತ್ರಕ್ಕೆ ಗುರಿಯಾಗಿದ್ದ ಪರೀಕ್ಷಿತನನ್ನು, ಮಹಾಪ್ರಸ್ಥಾನಕಾಲದಲ್ಲಿ ಯುಧಿಷ್ಠಿರನು ಶಿಷ್ಯನನ್ನಾಗಿ ಒಪ್ಪಿಸಿ ಹೋದುದು ಈ ಕೃಪನಿಗೆ.