ಗುಳಿಯಲ್ಲಿ ಏರುವ ನೀಲಿ

ರಕ್ತದಲ್ಲಿ ಪ್ರತಿಕಾಯ ಹುಡುಕುವ ಎಲೈಸಾ ಪರೀಕ್ಷೆಯ ಪ್ಲೇಟಿನಲ್ಲಿ ನೀಲಿ ಏರುವುದನ್ನು ಪುರುಸೊತ್ತಾಗಿ ಕೂತು ನೋಡಬೇಕು. ತಿಳಿ ಪ್ಲಾಸ್ಟಿಕ್ಕಿನ ಪುಟ್ಟ ತಟ್ಟೆ. ಎಂಟು ಸಾಲು, ಸಾಲಿಗೆ ಹನ್ನೆರಡರಂತೆ 96 ಗುಳಿ. ಕೊನೆಯ ದ್ರವ ಬಿಟ್ಟಾಗ ಎಲ್ಲವೂ ನೀರಿನಷ್ಟೇ ತಿಳಿ. ಸ್ವಲ್ಪ ಹೊತ್ತಿಗೆ ಒಂದು ಗುಳಿಯಲ್ಲಿ ತೆಳುನೀಲಿ ಮೂಡಿ ಗಾಢವಾಗುತ್ತಾ ಹೋಗುತ್ತದೆ. ಪಕ್ಕದ್ದು ಮಾತ್ರ ತಿಳಿಯಾಗಿಯೇ ಉಳಿಯುತ್ತದೆ. ಆಸಿಡ್ ಹಾಕಿದೊಡನೆ ನೀಲಿಯೆಲ್ಲ ಹಳದಿ. ಆ ಹಳದಿಯ ಗಾಢತೆಯನ್ನು ಯಂತ್ರ 450 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆಯುತ್ತದೆ.

ಶಿವಮೊಗ್ಗಕ್ಕೆ ಈ ಬಣ್ಣ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯ ಪರೀಕ್ಷೆಗೆ ನಗರದಲ್ಲೇ ವೈರಸ್ ಪತ್ತೆ ಪ್ರಯೋಗಾಲಯವಿದೆ. ಜ್ವರದ ಮೊದಲ ದಿನಗಳಲ್ಲಿ ವೈರಸ್ಸನ್ನೇ ಹುಡುಕಲು ಆರ್‌ಟಿ-ಪಿಸಿಆರ್. ಆಮೇಲೆ ದೇಹ ತಯಾರಿಸಿಕೊಂಡ ಐಜಿಎಂ ಪ್ರತಿಕಾಯಕ್ಕಾಗಿ ಎಲೈಸಾ.

ಒಂದು ಗುಳಿಯೊಳಗೆ ಎಷ್ಟು ಜೀವಿಗಳ ಕೊಡುಗೆ! ಇಂಥ ಪರೀಕ್ಷೆಯ ಒಂದು ರೂಢಿಯ ಜೋಡಣೆ ಹೀಗೆ: ತಳದಲ್ಲಿ ಮೇಕೆಯಂಥ ಪ್ರಾಣಿಯ ರಕ್ತದಿಂದ ತೆಗೆದ ಪ್ರತಿಕಾಯ. ಅದು ರೋಗಿಯ ಐಜಿಎಂ ಹಿಡಿಯುತ್ತದೆ; ಐಜಿಎಂ ವೈರಸ್ಸಿನ ಪ್ರೋಟೀನನ್ನು; ಪ್ರೋಟೀನನ್ನು ಮೇಲಿನಿಂದ ಇಲಿಯ ಜೀವಕೋಶ ತಯಾರಿಸಿದ ಇನ್ನೊಂದು ಪ್ರತಿಕಾಯ. ಇದರ ಮೈಗೆ ಬಯೋಟಿನ್ ಎಂಬ ವಿಟಮಿನ್ ಅಂಟಿಸಿರುತ್ತಾರೆ. ಅದನ್ನು ಬಿಡದೆ ಹಿಡಿಯುವುದು ಕೋಳಿಮೊಟ್ಟೆಯ ಬಿಳಿಯಲ್ಲಿರುವ ಅವಿಡಿನ್. ಅವಿಡಿನ್ ಹೊತ್ತು ತಂದ ಕಿಣ್ವ ಸಾಸಿವೆ ಕುಟುಂಬದ ಒಂದು ಗಿಡದ ಬೇರಿನದು. ನೀಲಿ ಬರುವುದು ಅದರ ಕೆಲಸದಿಂದ.

ಇಲಿಯ ಜೀವಕೋಶದ ಹಿಂದೆ ಕೇಂಬ್ರಿಜ್ ಇದೆ. 1975ರಲ್ಲಿ ವಿಜ್ಞಾನಿಗಳಾದ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಅಲ್ಲಿ ಪ್ರತಿಕಾಯ ತಯಾರಿಸುವ ಕೋಶವನ್ನು ಸಾಯದೆ ಬೆಳೆಯುವ ಕ್ಯಾನ್ಸರ್ ಕೋಶದೊಂದಿಗೆ ಬೆಸೆದರು. ಒಂದೇ ಅಚ್ಚಿನ ಪ್ರತಿಕಾಯ ಬೇಕಾದಷ್ಟು ಸಿಗುವಂತಾಯಿತು. 1984ರಲ್ಲಿ ಅವರಿಗೆ ನೊಬೆಲ್ ಬಂತು.

ಆದರೆ ಪ್ರತಿಕಾಯದ ಸೊಗಸು ಹಿಡಿಯುವುದರಲ್ಲಷ್ಟೇ ಇಲ್ಲ, ಒಲ್ಲೆನೆನ್ನುವುದರಲ್ಲಿದೆ. ಶಿವಮೊಗ್ಗದ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯನ್ನು ಮುಟ್ಟಿಯೇ ಹೇಳುವ ಕೈಯಂತೆ ಅದರದ್ದೂ ಸ್ಪರ್ಶಜ್ಞಾನ. ಮಂಗನ ಕಾಯಿಲೆಯ ವೈರಸ್ಸಿಗೆ ಡೆಂಗಿ ವೈರಸ್ ದಾಯಾದಿ, ಪ್ರೋಟೀನುಗಳಲ್ಲಿ ಹೋಲಿಕೆಯುಂಟು. ಸಡಿಲ ಪ್ರತಿಕಾಯ ಎರಡಕ್ಕೂ ಕೈಚಾಚುತ್ತದೆ, ಒಳ್ಳೆಯದು ತನ್ನದನ್ನಷ್ಟೇ ಹಿಡಿಯುತ್ತದೆ. ಹಿಡಿತಕ್ಕೆ ಸಿಗದೆ ಉಳಿದದ್ದು ಹೋಗಲೆಂದು ಪ್ರತಿ ಹಂತಕ್ಕೂ ತೊಳೆಯಬೇಕು, ತಟ್ಟೆ ಬೋರಲು ಹಾಕಿ ಕಾಗದದ ಮೇಲೆ ಬಡಿಯಬೇಕು. ಅಂಟದ ಕಿಣ್ವ ತುಸು ಉಳಿದರೂ ಸುಳ್ಳು ನೀಲಿ ಏರುತ್ತದೆ.

ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದಲ್ಲಿ ಬಯೋಟೆಕ್ನಾಲಜಿ ಓದುವ ಹುಡುಗ ಹುಡುಗಿಯರಿಗೆ ಒಂದು ಮಾತು: ಪ್ಲೇಟನ್ನು ಯಂತ್ರಕ್ಕೆ ಕೊಡುವ ಮೊದಲು ಬಿಳಿ ಹಾಳೆಯ ಮೇಲಿಟ್ಟು ಕಣ್ತುಂಬ ನೋಡಿ. ಮೊದಲು ನೋಡಬೇಕಾದದ್ದು ಬಣ್ಣ ಬರಬಾರದ ನೆಗೆಟಿವ್ ಕಂಟ್ರೋಲ್. ಅದು ತಿಳಿಯಾಗಿದ್ದರೆ ಮಾತ್ರ ಉಳಿದ ಬಣ್ಣವನ್ನು ನಂಬಿ.