ಕಿಟಕಿ ಪಕ್ಕದ ಜಾಗ ಯಾರಿಗೆ?

ಬಯೋಕಾನ್ 1978ರಲ್ಲಿ ಶುರುವಾದದ್ದು ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ. ಫ್ಲಿಪ್‌ಕಾರ್ಟ್ ಕಣ್ಣು ಬಿಟ್ಟದ್ದು 2007ರಲ್ಲಿ, ಕೋರಮಂಗಲದ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ. ಹೊಸದಾಗಿ ವ್ಯವಹಾರಕ್ಕೆ ಇಳಿಯುವವರಿಗೆ ಈ ಕಥೆ ಹೇಳಿ, ಜಾಗ ದೊಡ್ಡ ವಿಷಯವೇ ಅಲ್ಲ ಎಂದು ಧೈರ್ಯ ತುಂಬುವುದುಂಟು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಕೋಣೆ ಚಿಕ್ಕದಾದಷ್ಟೂ ಅದರ ಒಂದೊಂದು ಅಡಿಯೂ ಲೆಕ್ಕಕ್ಕೆ ಬರುತ್ತದೆ.

ಬಸವನಗುಡಿಯಲ್ಲೋ ರಾಜಾಜಿನಗರದಲ್ಲೋ ಅಂಗಡಿಯ ಮೇಲಿನ ಮಹಡಿಯಲ್ಲಿ ಸಿಗುವ ಹತ್ತಕ್ಕೆ ಹನ್ನೆರಡರ ಕೋಣೆಯನ್ನೇ ತೆಗೆದುಕೊಳ್ಳೋಣ. ಅಡ್ವಾನ್ಸ್ ಕೊಟ್ಟು ಬೀಗದ ಕೈ ಪಡೆದ ಮರುದಿನವೇ ಜನ ಫರ್ನಿಚರ್ ಅಂಗಡಿಗೆ ಓಡುತ್ತಾರೆ. ದಯವಿಟ್ಟು ಓಡಬೇಡಿ. ಒಂದು ಚಾಪೆ, ಅಳತೆಯ ಟೇಪು, ಸೀಮೆಸುಣ್ಣದ ತುಂಡು ಹಿಡಿದು ಖಾಲಿ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತುಬಿಡಿ. ಬಿಸಿಲು ಎಲ್ಲಿಂದ ಬರುತ್ತದೆ, ಎಷ್ಟು ಹೊತ್ತಿಗೆ ರಸ್ತೆಯ ಸದ್ದು ಏರುತ್ತದೆ, ಯಾವ ಮೂಲೆಗೆ ಗಾಳಿಯೇ ಆಡುವುದಿಲ್ಲ, ಎಲ್ಲ ಗೊತ್ತಾಗುತ್ತದೆ. ಆಮೇಲೆ ನೆಲದ ಮೇಲೆ ಗೆರೆ ಎಳೆಯಿರಿ. ಮೊದಲು ಬಾಗಿಲಿನದು: ಮೂರಡಿಯ ಬಾಗಿಲು ಒಳಕ್ಕೆ ತೆರೆದರೆ ಸುಮಾರು ಏಳು ಚದರಡಿ ನುಂಗುತ್ತದೆ. ನೂರಿಪ್ಪತ್ತರಲ್ಲಿ ಏಳು! ಪಕ್ಕಕ್ಕೆ ಸರಿಯುವ ಬಾಗಿಲಿಗೆ ಮನೆ ಮಾಲೀಕರು ಒಪ್ಪಿದರೆ ಆ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ಮೇಜಿನ ವಿಷಯಕ್ಕೆ ಬಂದರೆ ನನ್ನ ಮೆಚ್ಚುಗೆ ಬಡಗಿಗೆ, ಶೋರೂಮಿಗಲ್ಲ. ಪ್ಲೈವುಡ್ ಶೀಟು ಎಂಟಡಿ ಉದ್ದ, ನಾಲ್ಕಡಿ ಅಗಲ ಇರುತ್ತದೆ. ಉದ್ದಕ್ಕೆ ಸೀಳಿಸಿದರೆ ಎರಡಡಿ ಅಗಲದ ಎರಡು ಹಲಗೆ. ಕಂಪ್ಯೂಟರಿಗೂ ಕಾಗದಕ್ಕೂ ಎರಡಡಿ ಧಾರಾಳ. ಎದುರುಬದುರಿನ ಉದ್ದ ಗೋಡೆಗಳಿಗೆ ಒಂದೊಂದು ಹಲಗೆ ಕೂಡಿಸಿ, ನಡುವೆ ಬಗ್ಗದಂತೆ ಒಂದು ಆನಿಕೆ ಕೊಡಿಸಿ. ಹತ್ತಡಿ ಅಗಲದಲ್ಲಿ ಎರಡೂ ಬದಿಯ ಮೇಜು ಕಳೆದು ಉಳಿಯುವುದು ಆರಡಿ. ಬೆನ್ನಿಗೆ ಬೆನ್ನು ಮಾಡಿ ಕೂತವರು ಕುರ್ಚಿ ಹಿಂದೆ ಸರಿಸಲು ಒಬ್ಬೊಬ್ಬರಿಗೆ ಮೂರಡಿ ದಕ್ಕಿತು. ಒಟ್ಟು ನಾಲ್ಕು ಜನ. ಬಾಗಿಲ ಕಡೆ ಇನ್ನೂ ನಾಲ್ಕಡಿ ಉದ್ದದ ಜಾಗ ಖಾಲಿಯೇ ಇದೆ.

ಈಗ ಮುಖ್ಯ ವಿಷಯ. ಬಾಗಿಲಿನ ಎದುರು ಗೋಡೆಯಲ್ಲಿ ಕಿಟಕಿ ಇದೆ ಎನ್ನಿ. ಅದರ ಪಕ್ಕದ ಜಾಗ ಯಾರಿಗೆ? ನಮ್ಮಲ್ಲಿ ಅದು ಕೇಳದೆಯೇ ಯಜಮಾನರಿಗೆ ಹೋಗುತ್ತದೆ, ಕೆಲವೊಮ್ಮೆ ಗಾಜಿನ ಕ್ಯಾಬಿನ್ನಿನ ಸಮೇತ. ಹೊಸ ವ್ಯವಹಾರದಲ್ಲಿ ಯಜಮಾನರು ಕೋಣೆಯಲ್ಲಿ ಇರುವುದೇ ಕಡಿಮೆ. ಬ್ಯಾಂಕು, ಗಿರಾಕಿ, ಜಿಎಸ್‌ಟಿ ಕೆಲಸ ಎಂದು ಓಡಾಟವೇ ಹೆಚ್ಚು. ಒಂಬತ್ತು ಗಂಟೆಗೆ ಬಂದು ಆರರವರೆಗೆ ಅಲುಗಾಡದೆ ಕೂರುವವರು ಲೆಕ್ಕ ಬರೆಯುವವರು, ಡಿಸೈನ್ ಮಾಡುವವರು. ಹಗಲ ಬೆಳಕು ಅವರದು. ಉದ್ದ ಗೋಡೆಗೆ ಮುಖ ಮಾಡಿದವರಿಗೆ ಕಿಟಕಿ ಪಕ್ಕಕ್ಕೆ ಬರುವುದರಿಂದ ಪರದೆಯ ಮೇಲೆ ಬೆಳಕು ಪ್ರತಿಫಲಿಸುವ ಕಾಟವೂ ಕಡಿಮೆ. ಎರಡು ಬದಿಯಲ್ಲಿ ಬೆಳಕು ಎಡದಿಂದ ಬೀಳುವ ಕಡೆ ಕೈಬರಹದವರನ್ನು ಕೂರಿಸಿ, ಬಲಗೈಯ ನೆರಳು ಕಾಗದದ ಮೇಲೆ ಬೀಳುವುದಿಲ್ಲ.

ಕಿಟಕಿ ಪಡುವಣಕ್ಕಿದ್ದರೆ ಬೇಸಿಗೆಯ ಮಧ್ಯಾಹ್ನಗಳು ಕಷ್ಟ. ಒಳಗೆ ಎಷ್ಟು ದಪ್ಪ ಪರದೆ ಹಾಕಿದರೂ ಬಿಸಿಲು ಅಷ್ಟರಲ್ಲಿ ಗಾಜು ದಾಟಿ ಬಂದಿರುತ್ತದೆ. ತಡೆಯಬೇಕಾದದ್ದು ಹೊರಗೆ, ಬಿದಿರಿನ ತಟ್ಟಿಯಿಂದ. ಬಡಗಣ ಕಿಟಕಿಯೇ ನನಗೆ ಬಲು ಇಷ್ಟ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಆದರೆ ಅಷ್ಟು ಎತ್ತರದ ಬಿಸಿಲಿಗೆ ಒಂದೂವರೆ ಅಡಿ ಸಜ್ಜಾ ಸಾಕು. ಉಳಿದ ತಿಂಗಳುಗಳಲ್ಲಿ ದಿನವಿಡೀ ಒಂದೇ ಹದದ ಬೆಳಕು.

ಸಾಮಾನು ಗೋಡೆ ಹತ್ತಲಿ. ಹಳೆಯ ಫೈಲು ಬಾಗಿಲ ಮೇಲಿನ ಅಟ್ಟಕ್ಕೆ, ದಿನ ಬಳಕೆಯದು ಕೈಗೆಟುಕುವ ಕಪಾಟಿಗೆ. ಯುಪಿಎಸ್‌ನ ದೊಡ್ಡ ಬ್ಯಾಟರಿಯನ್ನು ಮಾತ್ರ ಮುಚ್ಚಿದ ಕಪಾಟಿಗೆ ತುರುಕಬೇಡಿ. ಚಾರ್ಜ್ ಆಗುವಾಗ ಸೀಸ-ಆಮ್ಲದ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ, ಅದಕ್ಕೆ ಗಾಳಿ ಬೇಕು. ಇನ್ನು ಬೋರ್ಡು: ಕನ್ನಡಕ್ಕೆ ಶೇ. 60 ಜಾಗ ಕೊಡಬೇಕೆಂಬ 2024ರ ತಿದ್ದುಪಡಿ ಇದೆ, ಜಿಎಸ್‌ಟಿ ಸಂಖ್ಯೆಯೂ ಅದರ ಮೇಲಿರಬೇಕು.

ಚಿಕ್ಕ ಜಾಗದ ಜಾಣತನ ನಮಗೆ ಹೊಸದೇನಲ್ಲ. ಚಿಕ್ಕಪೇಟೆಯ ಹಳೆಯ ಜವಳಿ ಅಂಗಡಿಗಳ ಗಾದಿಯನ್ನು ನೋಡಿ. ಬಿಳಿ ಬಟ್ಟೆ ಹೊದಿಸಿದ ಹಾಸಿಗೆ, ಒರಗುದಿಂಬು, ಗೇಣೆತ್ತರದ ಇಳಿಜಾರು ಡೆಸ್ಕು. ಅಲ್ಲೇ ಸೀರೆ ಬಿಡಿಸಿ ತೋರಿಸುವುದು, ಅಲ್ಲೇ ಲೆಕ್ಕ, ಅಲ್ಲೇ ಕಾಫಿ. ಕುರ್ಚಿಗಳೇ ಇಲ್ಲದ್ದರಿಂದ ಬಂದವರೆಷ್ಟಾದರೂ ಸರಿದು ಕೂರುತ್ತಾರೆ. ಒಂದೇ ಜಾಗ ಗಂಟೆಗೊಂದು ಕೆಲಸಕ್ಕೆ ಒದಗುವ ಈ ಗುಣವನ್ನು ನಾನು ತುಂಬ ಗೌರವಿಸುತ್ತೇನೆ.

ಹಾಗಾದರೆ ಯಜಮಾನರು ಎಲ್ಲಿ? ವಾಸ್ತು ನಂಬುವವರು ನೈಋತ್ಯ ಎನ್ನುತ್ತಾರೆ. ನಂಬಿಕೆಯಿದ್ದರೆ ಹಾಗೆಯೇ ಕೂರಲಿ, ಕಿಟಕಿಯೂ ಅದೇ ಮೂಲೆಗೆ ಬಿದ್ದರೆ ಎದುರು ಬದಿಯ ಕಿಟಕಿ ಜಾಗವನ್ನಾದರೂ ಲೆಕ್ಕದವರಿಗೆ ಬಿಡಲಿ. ನನ್ನನ್ನು ಕೇಳಿದರೆ ಬಾಗಿಲಿನ ಕಡೆಯ ತುದಿಯೇ ಸರಿ. ಬಂದ ಗಿರಾಕಿಗೆ ಮೊದಲು ಕಾಣುವುದು ಅವರ ಮುಖ. ಮಾತು ಆ ಖಾಲಿ ನಾಲ್ಕಡಿಯಲ್ಲೇ ನಡೆಯುತ್ತದೆ, ಒಳಗೆ ಕೂಡಿಸಿ ಕಳೆಯುತ್ತಿರುವವರ ಲೆಕ್ಕ ತಪ್ಪುವುದಿಲ್ಲ. ಗಿರಾಕಿಗಳಿಗೆಂದು ಮಡಚುವ ಕುರ್ಚಿ ಎರಡು ಸಾಕು. ಅವರು ಹೊರಟ ಮೇಲೆ ಅವನ್ನು ಬಾಗಿಲ ಪಕ್ಕದ ಗೋಡೆಯ ಮೊಳೆಗೆ ನೇತುಹಾಕಬಹುದು.