ನೀರಿಗೆ ಎದುರಾಗಿ: ದಿಂಡಿಗಲ್‌ನಿಂದ ಕುಮಳಿಯವರೆಗೆ

ಕುಟುಂಬದೊಡನೆ ಕಾರಿನಲ್ಲಿ ದೂರ ಹೊರಡುವ ಮಾತು ಬಂದಾಗ ಕನ್ನಡಿಗರ ಮನಸ್ಸು ಮೊದಲು ಕರಾವಳಿಯ ಕಡೆಗೆ ತಿರುಗುತ್ತದೆ. ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಇರುವ ಮರವಂತೆಯ ಹೆದ್ದಾರಿಯೇ ಈ ಆಸೆಗೆ ಮಾದರಿಯಾಗಿ ನಿಂತಿದೆ. ಆದರೆ ಮರವಂತೆಯಲ್ಲಿ ಕಡಲು ರಸ್ತೆಯ ಪಕ್ಕಕ್ಕೇ ಬರುವ ಭಾಗ ಕಾರಿನ ವೇಗದಲ್ಲಿ ಕೆಲವೇ ನಿಮಿಷಗಳದ್ದಾಗಿದ್ದು, ರಾಷ್ಟ್ರೀಯ ಹೆದ್ದಾರಿ 66ರ ಉಳಿದ ಬಹುಭಾಗದಲ್ಲಿ ಸಮುದ್ರವು ತೆಂಗಿನ ತೋಟ, ಮನೆ ಮತ್ತು ಅಂಗಡಿಗಳ ಹಿಂದೆ ಮರೆಯಾಗಿರುತ್ತದೆ. ಒಂದು ರಸ್ತೆಯನ್ನು ಸುಂದರವೆಂದು ಕರೆಯಲು ಅಲ್ಲಿ ಕಡಲಿರಲೇಬೇಕೆಂದಿಲ್ಲ. ನೋಟವು ಗಂಟೆಗಟ್ಟಲೆ ಜೊತೆಗೇ ಸಾಗಿ ಬರಬೇಕು, ನಿಧಾನವಾಗಿ ಬದಲಾಗುತ್ತಿರಬೇಕು, ಆ ಬದಲಾವಣೆಗೆ ಕಾರಣವೇನೆಂಬುದು ಹಿಂದಿನ ಸೀಟಿನ ಮಕ್ಕಳಿಗೂ ಕೊನೆಗೆ ಕಣ್ಣಿಗೆ ಕಾಣುವಂತಿರಬೇಕು. ಈ ಅಳತೆಗೆ ದಕ್ಷಿಣ ಭಾರತದಲ್ಲಿ ಚೆನ್ನಾಗಿ ಹೊಂದುವ ರಸ್ತೆಗಳಲ್ಲಿ ತಮಿಳುನಾಡಿನ ದಿಂಡಿಗಲ್‌ನಿಂದ ತೇನಿ ಮತ್ತು ಕಂಬಂ ಕಣಿವೆಯ ಮೂಲಕ ಕೇರಳದ ಗಡಿಯ ಕುಮಳಿಗೆ ಏರುವ ರಾಷ್ಟ್ರೀಯ ಹೆದ್ದಾರಿ 183 ಒಂದು. ವಿನೋದವೆಂದರೆ, ಕೊನೆಯವರೆಗೂ ಹೋದವರಿಗೆ ಈ ಹೆದ್ದಾರಿಯೂ ಕೊಲ್ಲಂನಲ್ಲಿ ಕಡಲನ್ನೇ ತೋರಿಸುತ್ತದೆ.

ಈ ದಾರಿಯನ್ನು ಯಾವ ದಿಕ್ಕಿನಿಂದ ಸಾಗಬೇಕೆಂಬ ಪ್ರಶ್ನೆ ಚಿಕ್ಕದಲ್ಲ. ತೇಕ್ಕಡಿಯನ್ನು ನೋಡಿ, ಕುಮಳಿಯ ಘಾಟಿಯನ್ನು ಇಳಿದು, ದಿಂಡಿಗಲ್ ಮುಟ್ಟಿ, ಅಲ್ಲಿಂದ ಹೆದ್ದಾರಿ 44ರಲ್ಲಿ ಕರೂರು, ಸೇಲಂಗಳ ಮೇಲೆ ಬೆಂಗಳೂರಿಗೆ ಮರಳುವುದು ಬಹುಜನರ ರೂಢಿಯಾಗಿದ್ದು, ಹಾಗೆ ಮಾಡಿದವರಿಗೆ ಕಣಿವೆಯು ಮನೆಗೆ ಹಿಂದಿರುಗುವ ಆತುರದ ನಡುವೆ ಕಿಟಕಿಯಾಚೆ ಕಳೆದುಹೋಗುತ್ತದೆ. ಮಳೆಯ ಸೀಮೆಯಿಂದ ಒಣಸೀಮೆಗೆ ಇಳಿಯುವುದರಲ್ಲಿ ಕುತೂಹಲವೂ ಉಳಿಯುವುದಿಲ್ಲ. ದಿಂಡಿಗಲ್‌ನ ಒಣ ಬಯಲಿನಿಂದ ಬೆಳಗಿನ ಹೊತ್ತಿನಲ್ಲಿ ಹೊರಟು, ಹಸಿರು ಹೆಚ್ಚುತ್ತ ಹೋಗುವುದನ್ನು ಗಮನಿಸುತ್ತ, ನೀರಿನ ಹರಿವಿಗೆ ಎದುರಾಗಿ ಕುಮಳಿಯತ್ತ ಸಾಗುವುದೇ ಸರಿಯಾದ ಕ್ರಮ. ಆಗ ನೈಋತ್ಯಕ್ಕೆ ಓಡುವ ಕಾರಿನ ಬೆನ್ನಿಗೆ ಬಿಸಿಲು ಬಿದ್ದು, ಎದುರಿನ ಬೆಟ್ಟಗಳ ಒಂದೊಂದು ಮಡಿಕೆಯೂ ಬೆಳಗುತ್ತದೆ. ಮಧ್ಯಾಹ್ನ ಕಳೆದ ಮೇಲೆ ಅದೇ ಬೆಟ್ಟಗಳು ಸೂರ್ಯನಿಗೆ ಅಡ್ಡವಾಗಿ ಬರಿಯ ಕಪ್ಪು ಗೋಡೆಯಾಗುತ್ತವೆ.

ಹೊರಡುವ ಮೊದಲು ದಿಂಡಿಗಲ್‌ನ ಕೋಟೆಗೆ ಒಂದೆರಡು ಗಂಟೆ ಕೊಡುವುದು ಕನ್ನಡ ಕುಟುಂಬಕ್ಕೆ ತಕ್ಕದ್ದು. ಮಧುರೆಯ ನಾಯಕರು 17ನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ಈ ಬಂಡೆಯ ಕೋಟೆ 18ನೆಯ ಶತಮಾನದಲ್ಲಿ ಮೈಸೂರಿನ ಕೈಗೆ ಬಂದಿತ್ತು. 1755ರಲ್ಲಿ ಹೈದರಾಲಿ ಇಲ್ಲಿಗೆ ಫೌಜುದಾರನಾಗಿ, ಎಂದರೆ ಸೈನ್ಯ ಮತ್ತು ಕಂದಾಯ ಎರಡರ ಹೊಣೆಯನ್ನೂ ಹೊತ್ತ ಪ್ರಾಂತಾಧಿಕಾರಿಯಾಗಿ ನೇಮಕಗೊಂಡು, ಮುಂದೆ ಶ್ರೀರಂಗಪಟ್ಟಣದಲ್ಲಿ ತನ್ನನ್ನು ಮೇಲೆತ್ತಿದ ಹಣ ಮತ್ತು ಸೈನ್ಯವನ್ನು ಈ ಸೀಮೆಯಲ್ಲಿಯೇ ಕೂಡಿಸಿಕೊಂಡನು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಬಿಟ್ಟುಕೊಟ್ಟ ಪ್ರದೇಶಗಳಲ್ಲಿ ದಿಂಡಿಗಲ್ಲೂ ಸೇರಿತ್ತು. ಬಂಡೆಯ ಮೇಲಿನಿಂದ ಪಶ್ಚಿಮಕ್ಕೆ ನೋಡಿದರೆ ಮುಂದಿನ ದಾರಿಯ ದಿಕ್ಕು ತಿಳಿಯುತ್ತದೆ. ಬಿಸಿಲು ಏರುವ ಮುನ್ನ ಇಳಿದುಬಿಡುವುದು ಒಳ್ಳೆಯದು. ಜೀರಗ ಸಾಂಬಾ ಎಂಬ ಸಣ್ಣಕ್ಕಿಯಿಂದ ಮಾಡುವ ಇಲ್ಲಿನ ಬಿರಿಯಾನಿಯ ಖ್ಯಾತಿ ಸುಳ್ಳಲ್ಲವಾದರೂ, ಅದನ್ನು ಉಂಡು ಚಾಲಕನ ಸೀಟಿಗೆ ಕೂರುವುದು ಜಾಣತನವಲ್ಲವಾದ್ದರಿಂದ ಹಿಂದಿನ ರಾತ್ರಿಯ ಊಟಕ್ಕೇ ಅದನ್ನು ಮುಗಿಸಿಕೊಳ್ಳಬೇಕು.

ಸೆಂಬಟ್ಟಿ, ಬತ್ಲಗುಂಡುಗಳನ್ನು ದಾಟಿದ ಮೇಲೆ ಬಲಕ್ಕೆ ಪಳನಿ ಬೆಟ್ಟಸಾಲು ಹತ್ತಿರವಾಗುತ್ತ, ಕೊಡೈಕೆನಾಲ್‌ಗೆ ಹೋಗುವ ವಾಹನಗಳು ಕವಲೊಡೆದು ಹೋಗಿ, ಹೆದ್ದಾರಿ ಸ್ವಲ್ಪ ಹಗುರಾಗುತ್ತದೆ. ದೇವದಾನಪಟ್ಟಿಯಿಂದ ಪೆರಿಯಕುಳಂವರೆಗೆ ಮಾವಿನ ತೋಪುಗಳಿವೆ. ಈ ಭಾಗವು ಚೆಲುವಾಗಿದೆಯೆಂಬುದು ನಿಜವೇ ಆದರೂ ಇದು ಪೀಠಿಕೆ ಮಾತ್ರ. 1996ರಲ್ಲಿ ಮಧುರೆಯಿಂದ ಬೇರ್ಪಟ್ಟು ರೂಪುಗೊಂಡ ಜಿಲ್ಲೆಯ ಕೇಂದ್ರವಾದ ತೇನಿಯನ್ನು ಬಳಸಿ ಮುಂದೆ ಸಾಗಿದಾಗಲೇ ಕಣಿವೆ ನಿಜವಾಗಿ ತೆರೆದುಕೊಳ್ಳುತ್ತದೆ. ಬಲಕ್ಕೆ ಕೇರಳದ ಗಡಿಯನ್ನು ಹೊತ್ತ ಏಲಕ್ಕಿ ಬೆಟ್ಟಗಳು, ಎಡಕ್ಕೆ ಮೇಘಮಲೆ, ನಡುವೆ ಚಪ್ಪಟೆಯಾದ ಹೊಲಗಳ ಹಾಸು: ಹೀಗೆ ಸುಮಾರು 40 ಕಿಲೋಮೀಟರ್ ದೂರ ಎರಡು ದಡಗಳು ಕಾರಿನ ಜೊತೆಗೇ ಬರುತ್ತವೆ. ಯಾವ ಮಗು ಯಾವ ಕಿಟಕಿಗೆ ಎಂಬ ಜಗಳವನ್ನು ಈ ರಸ್ತೆ ತಾನೇ ತೀರಿಸುತ್ತದೆ.

ಇಲ್ಲಿ ಗಮನಿಸಬೇಕಾದ ವಿರೋಧಾಭಾಸವೊಂದಿದೆ. ಈ ಕಣಿವೆಯು ‘ಮಳೆನೆರಳು’ ಪ್ರದೇಶದಲ್ಲಿದೆ; ಎಂದರೆ, ಅರಬ್ಬೀ ಸಮುದ್ರದಿಂದ ಬರುವ ಮುಂಗಾರಿನ ಮೋಡಗಳು ಬೆಟ್ಟದ ಆಚೆಯ ಮೈಯಲ್ಲಿಯೇ ನೀರನ್ನು ಸುರಿಸಿಬಿಡುವುದರಿಂದ ಈಚೆಗೆ ಬರುವುದು ಬಹುಪಾಲು ಒಣಗಾಳಿ ಮಾತ್ರ. ಆ ಗಾಳಿಯು ಕಣಿವೆಯ ಕಂಡಿಯಲ್ಲಿ ನುಗ್ಗಿ ಬರುವ ರಭಸವನ್ನು ಜಿಲ್ಲೆಯ ಬಯಲಿನಲ್ಲಿ ನಿಂತ ಗಾಳಿಯಂತ್ರಗಳು ಹೇಳುತ್ತವೆ. ಹಾಗಿದ್ದರೂ ಚಿನ್ನಮನೂರು, ಉತ್ತಮಪಾಳ್ಯಂಗಳ ಸುತ್ತ ಭತ್ತದ ಗದ್ದೆಗಳೂ ಬಾಳೆಯ ತೋಟಗಳೂ ದಟ್ಟವಾಗಿದ್ದು, ಕಣಿವೆಯ 14,707 ಎಕರೆಯಲ್ಲಿ ವರ್ಷಕ್ಕೆ ಎರಡು ಬೆಳೆ ಭತ್ತಕ್ಕೆ ನೀರು ಹರಿಯುತ್ತದೆ. ಈ ನೀರು ಎಲ್ಲಿಂದ ಬಂದಿತೆಂಬ ಪ್ರಶ್ನೆಯನ್ನು ಚಿನ್ನಮನೂರಿನಲ್ಲಿಯೇ ಮಕ್ಕಳ ಮುಂದಿಟ್ಟು, ಉತ್ತರವನ್ನು ಘಾಟಿಯ ಬುಡದವರೆಗೆ ತಡೆಹಿಡಿಯುವುದು ಪ್ರಯಾಣಕ್ಕೆ ಒಂದು ಎಳೆ ಕೊಡುತ್ತದೆ.

ಚಿನ್ನಮನೂರಿನಿಂದ ಮೇಘಮಲೆಗೆ ಏರುವ 18 ಹೇರ್‌ಪಿನ್ ತಿರುವುಗಳ, ಎಂದರೆ ರಸ್ತೆ ಪೂರ್ತಿ ಹಿಂದಕ್ಕೆ ಮಡಿಚಿಕೊಳ್ಳುವ ತಿರುವುಗಳ, ಹಾದಿಯನ್ನು ಈ ಪ್ರಯಾಣದಲ್ಲಿ ಸೇರಿಸದಿರುವುದೇ ಲೇಸು. ಹೊಟ್ಟೆ ತೊಳಸುವ ಮಕ್ಕಳಿರುವ ಕಾರಿಗೆ ಅದು ಬೇರೆಯೇ ದಿನದ ಕೆಲಸ. ಹತ್ತಿರದ ಪಣ್ಣೈಪುರವು ಇಳಯರಾಜಾ ಅವರ ಹುಟ್ಟೂರು ಎಂಬುದನ್ನು ನೆನೆದು, ‘ಪಲ್ಲವಿ ಅನುಪಲ್ಲವಿ’ ಚಿತ್ರದ ಹಾಡುಗಳನ್ನು ಕಾರಿನಲ್ಲಿ ಹಾಕಿಕೊಳ್ಳುವವರನ್ನು ಯಾರೂ ತಪ್ಪೆನ್ನಲಾರರು.

ಹೊಸ ಬೈಪಾಸ್‌ಗಳು ಊರುಗಳನ್ನು ತಪ್ಪಿಸಿ ಸಮಯವನ್ನು ಉಳಿಸುತ್ತವಾದರೂ, ಕಂಬಂ ಪಟ್ಟಣವನ್ನು ಮಾತ್ರ ಬಳಸಿ ಹೋಗಬಾರದು. ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದಿರುವ, ಓದು ಬರಹವನ್ನು ತಮಿಳಿನಲ್ಲಿ ನಡೆಸುವ ಕಪ್ಪಿಲಿಯರು ಅಥವಾ ಒಕ್ಕಲಿಗ ಗೌಡರು ಈ ಕಣಿವೆಯಲ್ಲಿ ಹಲವು ತಲೆಮಾರುಗಳಿಂದ ನೆಲೆಸಿದ್ದಾರೆ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್‌ನ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಸಂಪುಟಗಳಲ್ಲಿ ಇವರ ವಿಷಯವಿದ್ದು, ಇವರು ಕಂಬಂನಲ್ಲಿ ಸಾಕುವ ಪವಿತ್ರ ದನಗಳ ಹಿಂಡನ್ನು ಕನ್ನಡದಲ್ಲಿ ‘ದೇವರ ಆವು’ ಎಂದೂ ತಮಿಳಿನಲ್ಲಿ ‘ತಂಬಿರಾನ್ ಮಾಡು’ ಎಂದೂ ಕರೆಯುವರೆಂದು ಹೇಳಲಾಗಿದೆ. ಹಿಂಡಿನ ಒಡೆಯನಾದ ‘ಪಟ್ಟದ ಆವು’ ಸತ್ತಾಗ, ಹಿಂಡಿನ ಮುಂದೆ ಕಬ್ಬಿನ ಕಟ್ಟನ್ನು ಇಟ್ಟು, ಮೊದಲು ಬಂದು ಅದನ್ನು ತಿಂದ ಹೋರಿಯನ್ನೇ ಹೊಸ ಅರಸನೆಂದು ಸಾರುವ ಪದ್ಧತಿಯ ವಿವರವೂ ಅಲ್ಲಿದೆ. ಮೃಗಾಲಯಗಳಿಗಿಂತ ಮಕ್ಕಳಿಗೆ ಹೆಚ್ಚು ನೆನಪುಳಿಯುವ ಸಂಗತಿ ಇದು. ನಂದಗೋಪಾಲ ಸ್ವಾಮಿಯ ಗುಡಿಯ ಜೊತೆಗಿರುವ ಈ ದೊಡ್ಡಿಗೆ, ತಮಿಳಿನ ‘ತೊಳು’ವಿಗೆ, ಮಾಟ್ಟು ಪೊಂಗಲ್‌ನ ದಿನ, ಎಂದರೆ ಸಂಕ್ರಾಂತಿಯ ಮರುದಿನ, ಜನ ನೆರೆಯುತ್ತಾರೆ. ಗುಡಿಯ ಅಂಗಳದಲ್ಲಿ ಕನ್ನಡದಲ್ಲಿ ಮಾತನಾಡಿಸಿದರೆ ಕನ್ನಡದಲ್ಲಿಯೇ ಉತ್ತರ ಬರುವ ಸಂಭವವಿದ್ದು, ಆ ಕನ್ನಡ ಪಠ್ಯಪುಸ್ತಕದ್ದಲ್ಲವೆಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿರಬೇಕು.

ಕಂಬಂನ ಇನ್ನೊಂದು ನಿಲುಗಡೆ ದ್ರಾಕ್ಷಿಯದು. ಚಪ್ಪರಕ್ಕೆ ಹಬ್ಬಿಸಿ ಬೆಳೆಯುವ ಇಲ್ಲಿನ ‘ಪನ್ನೀರ್ ದ್ರಾಕ್ಷಿ’ಯು ಮಸ್ಕತ್ ಹ್ಯಾಂಬರ್ಗ್ ಎಂಬ ತಳಿಯಾಗಿದ್ದು, 2023ರಲ್ಲಿ ಭೌಗೋಳಿಕ ಸೂಚಕವನ್ನು, ಎಂದರೆ ಊರಿನ ಹೆಸರಿಗೂ ಬೆಳೆಗೂ ಇರುವ ನಂಟಿನ ಕಾನೂನುಬದ್ಧ ಮಾನ್ಯತೆಯನ್ನು, ಪಡೆದಿದೆ. 1832ರಲ್ಲಿ ಫ್ರೆಂಚ್ ಪಾದ್ರಿಯೊಬ್ಬರು ಇದನ್ನು ಇಲ್ಲಿಗೆ ತಂದರೆಂದು ಹೇಳುತ್ತಾರೆ. ಬೀಜವಿರುವ ಹಣ್ಣೆಂದು ಮೂಗು ಮುರಿಯುವವರು ಬೀಜರಹಿತ ದ್ರಾಕ್ಷಿಯಲ್ಲಿ ಈ ಪರಿಮಳ ಸಿಗದೆಂಬುದನ್ನು ತಿಂದು ನೋಡಿಯೇ ಒಪ್ಪಬೇಕು. ವರ್ಷವಿಡೀ ಕೊಯ್ಲು ಇರುವುದರಿಂದ ಋತುವಿನ ಚಿಂತೆಯಿಲ್ಲ. ಸುರುಳಿ ಜಲಪಾತದ ದಾರಿಯ ತೋಟಗಳ ಬಳಿ ಕೊಂಡರೆ ಹಣ್ಣು ತಾಜಾ ಇರುತ್ತದೆ.

ಗೂಡಲೂರನ್ನು ದಾಟಿ ಲೋವರ್ ಕ್ಯಾಂಪ್ ತಲುಪಿದಾಗ ತಡೆಹಿಡಿದ ಉತ್ತರ ಎದುರಿಗೆ ಬರುತ್ತದೆ. ಪೆರಿಯಾರ್ ನದಿ ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರವನ್ನು ಸೇರುವಂಥದ್ದು. 1876–78ರ ಭೀಕರ ಬರದ ನಂತರ ಮದ್ರಾಸ್ ಸರಕಾರವು ಆ ನೀರನ್ನು ಪೂರ್ವಕ್ಕೆ ತಿರುಗಿಸುವ ಹಳೆಯ ಆಲೋಚನೆಯನ್ನು ಮತ್ತೆ ಕೈಗೆತ್ತಿಕೊಂಡು, 1886ರಲ್ಲಿ ತಿರುವಾಂಕೂರಿನ ಅರಸರಿಂದ 999 ವರ್ಷಗಳ ಗುತ್ತಿಗೆಗೆ ಜಾಗವನ್ನು ಪಡೆದು, ಎಂಜಿನಿಯರ್ ಜಾನ್ ಪೆನ್ನಿಕ್ವಿಕ್‌ನ ನೇತೃತ್ವದಲ್ಲಿ 1895ರ ಹೊತ್ತಿಗೆ ಸುಣ್ಣ ಮತ್ತು ಸುರ್ಕಿಯಿಂದ, ಎಂದರೆ ಸುಟ್ಟ ಇಟ್ಟಿಗೆಯ ಪುಡಿಯಿಂದ ಕೂಡಿದ ಗಾರೆಯಲ್ಲಿ, ಅಣೆಕಟ್ಟನ್ನು ಕಟ್ಟಿಸಿತು. ಹಿಂದಕ್ಕೆ ನಿಂತ ನೀರು ಬೆಟ್ಟವನ್ನು ಕೊರೆದ ಸುರಂಗದ ಮೂಲಕ ಪೂರ್ವಕ್ಕೆ ತಿರುಗಿ, ಪೆನ್‌ಸ್ಟಾಕ್ ಎಂಬ ದೈತ್ಯ ಉಕ್ಕಿನ ಕೊಳವೆಗಳಲ್ಲಿ ಧುಮುಕಿ, ಲೋವರ್ ಕ್ಯಾಂಪಿನಲ್ಲಿ ವಿದ್ಯುತ್ತನ್ನು ಉತ್ಪಾದಿಸಿ, ಕಣಿವೆಯ ಗದ್ದೆಗಳನ್ನು ತಣಿಸಿ, ವೈಗೈ ನದಿಯನ್ನು ಸೇರುತ್ತದೆ. ಅಣೆಕಟ್ಟಿನ ವಯಸ್ಸು ಮತ್ತು ನೀರಿನ ಮಟ್ಟದ ಬಗ್ಗೆ ಎರಡು ರಾಜ್ಯಗಳ ನಡುವಿನ ವ್ಯಾಜ್ಯ ಬೆಟ್ಟದ ಎರಡೂ ಬದಿಯಲ್ಲಿ ಬಿಸಿಯಾಗಿಯೇ ಇದ್ದು, ಚಹಾದಂಗಡಿಯಲ್ಲಿ ಆ ಮಾತು ತೆಗೆಯದಿರುವುದು ಪ್ರವಾಸಿಗೆ ಕ್ಷೇಮ. ಪೆನ್ನಿಕ್ವಿಕ್‌ನ ಸ್ಮಾರಕ ಲೋವರ್ ಕ್ಯಾಂಪಿನಲ್ಲಿದೆ. ಅವನ ಜನ್ಮದಿನವಾದ ಜನವರಿ 15ರಂದು ಕಣಿವೆಯ ರೈತರು ಅವನ ಹೆಸರಿನಲ್ಲಿ ಪೊಂಗಲ್ ಇಕ್ಕುತ್ತಾರೆ. ಅಂದು ಅಲ್ಲಿದ್ದು ಮಾಟ್ಟು ಪೊಂಗಲ್‌ಗೆ ಕಂಬಂನ ದೊಡ್ಡಿಗೆ ಹೋಗುವಂತೆ ಪ್ರಯಾಣವನ್ನು ಹೊಂದಿಸಿಕೊಂಡವರಿಗೆ ಕಣಿವೆಯ ಎರಡೂ ಭಕ್ತಿಗಳು ಒಂದೇ ಪ್ರವಾಸದಲ್ಲಿ ದೊರೆಯುತ್ತವೆ.

ಲೋವರ್ ಕ್ಯಾಂಪಿನಿಂದ ಕುಮಳಿಗೆ ಏರುವ ಘಾಟಿ ಚಿಕ್ಕದು, ಕಡಿದು. ಇಳಿಯುವಾಗ ಬ್ರೇಕನ್ನೇ ನಂಬದೆ, ಏರಲು ಬಳಸಿದ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ನಿಯಮ ಇಲ್ಲಿಗೂ ಸಲ್ಲುತ್ತದೆ. ನವೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ ಶಬರಿಮಲೆಯ ಯಾತ್ರಿಕರ ವಾಹನಗಳು ಈ ಹೆದ್ದಾರಿಯನ್ನು ತುಂಬುವುದರಿಂದ, ದಟ್ಟಣೆ ಹೆಚ್ಚಿದಾಗ ಪೊಲೀಸರು ಹೋಗುವ ವಾಹನಗಳನ್ನು ಕಂಬಂಮೆಟ್ಟು ಘಾಟಿಯ ಕಡೆಗೆ ತಿರುಗಿಸಿ, ಕುಮಳಿಯ ಘಾಟಿಯನ್ನು ಮರಳುವವರಿಗೆ ಬಿಡುತ್ತಾರೆ. ಆ ದಿನಗಳಲ್ಲಿ ಹೊರಡುವ ಕುಟುಂಬವು ಕಂಬಂನಲ್ಲಿಯೇ ರಾತ್ರಿ ತಂಗಿ, ಘಾಟಿಯನ್ನು ಬೆಳಗಿನ ಜಾವದಲ್ಲಿ ಹತ್ತುವುದು ಸೂಕ್ತ.